ಮೂರು ಟಗರಿನ ಜೀಪು

ಮಾಡಗ್ಯಾಳವೆಂದೊಡನೆ ಹೊರಗಿನವರಿಗೆ ನೆನಪಾಗುವುದು ಕುರಿ. ಬಾಗಿದ ಮೂಗು, ಜೋಲುಗಿವಿ, ಬಿಳಿಯ ಮೈಮೇಲೆ ಕಂದು ಮಚ್ಚೆಗಳ ಈ ತಳಿಯ ಒಳ್ಳೆಯ ಟಗರಿಗೆ ಬರುವ ಬೆಲೆಯನ್ನು ಕೇಳಿದವರು ಒಮ್ಮೆಗೆ ನಂಬುವುದಿಲ್ಲ. ನಮ್ಮ ಮನೆಯ ಲೆಕ್ಕಪತ್ರ ನಡೆಯುವುದೂ ಟಗರುಗಳಲ್ಲಿಯೇ. ಆದುದರಿಂದ ಹಳೆಯ ಜೀಪೊಂದನ್ನು ವಿದ್ಯುತ್ತಿನಿಂದ ಓಡಿಸಿದ ಸಂಗತಿಯನ್ನು ಈ ಸ್ಮರಣ ಸಂಚಿಕೆಗೆ ಬರೆಯುವಾಗಲೂ ಖರ್ಚನ್ನು ಹಾಗೆಯೇ ಹೇಳುತ್ತೇವೆ: ಒಟ್ಟು ಮೂರು ಟಗರು.

ಜೀಪು ಮಹೀಂದ್ರಾ ಕಂಪನಿಯ ಸಿಜೆ-3ಬಿ. ಅಪ್ಪ ಅದನ್ನು ಹಳೆಯದಾಗಿಯೇ ಕೊಂಡಾಗ ಅದರಲ್ಲಿ ಪೆಟ್ರೋಲ್ ಎಂಜಿನ್ ಇತ್ತು; ಟ್ಯಾಂಕು ಚಾಲಕನ ಆಸನದ ಅಡಿಯಲ್ಲಿಯೇ. ಪೆಟ್ರೋಲಿನ ಖರ್ಚು ತಾಳದೆ, ಆ ಕಾಲದ ಅನೇಕರಂತೆ, ಅವರೂ ಡೀಸೆಲ್ ಎಂಜಿನ್ ಕೂಡಿಸಿದರು. ಕುರಿಮರಿ, ಮೇವು, ನೀರಿನ ಪೀಪಾಯಿ, ಒಮ್ಮೆ ಹೆರಿಗೆಗೆ ಹೊರಟ ನಮ್ಮ ಅಕ್ಕ, ಎಲ್ಲವೂ ಅದರಲ್ಲಿಯೇ ಸಾಗಿದವು. ಡೀಸೆಲ್ ಎಂಜಿನ್ನಿನ ಬ್ಲಾಕು ಸೀಳಿದ ಮೇಲೆ ಗುಜರಿಯವನನ್ನು ಕರೆಸಿದೆವು. ಅವನು ಬಂದ ದಿನ ಅಪ್ಪ ಜೀಪಿನಲ್ಲಿ ಹೋಗಿ ಕುಳಿತವರು ಮಧ್ಯಾಹ್ನದ ಊಟಕ್ಕೂ ಇಳಿಯಲಿಲ್ಲ. ಗುಜರಿಯವನು ಚಹಾ ಕುಡಿದು ಹೋದ.

ಮೊದಲನೆಯ ಟಗರು ನಮ್ಮ ಮೂಢತನಕ್ಕೆ ಹೋಯಿತು. ಇ-ರಿಕ್ಷಾದ ಹಳೆಯ ಮೋಟಾರು, ನಾಲ್ಕು ಸೀಸದ ಬ್ಯಾಟರಿ ತಂದು ಜೋಡಿಸಿದೆವು. ಅಂಗಳದಲ್ಲಿ ಜೀಪು ನಡೆಯಿತು. ಹೊಲದ ಮೊದಲನೆಯ ಬದುವಿಗೆ ನಿಂತಿತು. ಮೂವರು ಪ್ರಯಾಣಿಕರನ್ನು ಡಾಂಬರಿನ ಮೇಲೆ ಎಳೆಯುವ ಮೋಟಾರು ಒಂದು ಟನ್ನಿಗೂ ಮಿಕ್ಕ ಕಬ್ಬಿಣವನ್ನು ಬದು ಹತ್ತಿಸೀತೆಂದು ನಂಬಿದ್ದೆವು. ಅಣ್ಣತಮ್ಮಂದಿರು ಎಂಟು ದಿನ ಪರಸ್ಪರ ಮಾತಾಡಲಿಲ್ಲ.

ಎರಡನೆಯ ಟಗರು ನಮ್ಮನ್ನು ಬೆಂಗಳೂರಿನ ರೇವಾದತ್ತ ಒಯ್ದಿತು. 2001ರಲ್ಲಿ ಮಾರುಕಟ್ಟೆಗೆ ಬಂದ ಆ ಪುಟ್ಟ ವಿದ್ಯುತ್ ಕಾರನ್ನು ಹಲವರು ಮರೆತಿರಬಹುದು. 2010ರಲ್ಲಿ ಆ ಕಂಪನಿಯೂ ಮಹೀಂದ್ರಾದ ಕೈಸೇರಿತು. ಹೀಗೆ ನಮ್ಮ ಜೀಪಿಗೂ ರೇವಾಕ್ಕೂ ದೂರದ ನೆಂಟಸ್ತನ. ಸೀಸದ ಬ್ಯಾಟರಿ ಸತ್ತ ರೇವಾಗಳು ಅಲ್ಲಲ್ಲಿ ಧೂಳು ತಿನ್ನುತ್ತ ನಿಂತಿರುತ್ತವೆ, ಮೋಟಾರು ಮಾತ್ರ ಗಟ್ಟಿ. ಅಂಥದೊಂದನ್ನು ಕೊಂಡು ಮೋಟಾರನ್ನೂ ಅದರ ನಿಯಂತ್ರಕವನ್ನೂ ಬಿಚ್ಚಿಕೊಂಡೆವು. ಗರಿಷ್ಠ 13 ಕಿಲೋವ್ಯಾಟ್, ಎಂದರೆ ಸುಮಾರು 17 ಅಶ್ವಶಕ್ತಿ. ಹಳೆಯ ಪೆಟ್ರೋಲ್ ಎಂಜಿನ್ನಿನ ಮುಂದೆ ಇದು ಕೂಸು. ಆದರೆ ವಿದ್ಯುತ್ ಮೋಟಾರು ನಿಂತ ಸ್ಥಿತಿಯಿಂದಲೇ ಪೂರ್ಣ ಎಳೆತ ಕೊಡುತ್ತದೆ. ಜೀಪಿನ ಗೇರ್‌ಬಾಕ್ಸನ್ನು ಹಾಗೆಯೇ ಉಳಿಸಿ, ನಾಲ್ಕು ಗಾಲಿಗೂ ಬಲ ಹೋಗುವ ಕೆಳಗಿನ ಗೇರಿಗೆ ಹಾಕಿದರೆ ಬದುವನ್ನು ಎಮ್ಮೆಯ ನಡಿಗೆಯಲ್ಲಿ ಏರುತ್ತದೆ. ನಮಗೆ ಬೇಕಾದದ್ದೂ ಅಷ್ಟೇ.

ಕಷ್ಟವಿದ್ದದ್ದು ಮೋಟಾರಿನ ಅಚ್ಚನ್ನು ಗೇರ್‌ಬಾಕ್ಸಿನ ಅಚ್ಚಿಗೆ ಒಂದೇ ಗೆರೆಯಲ್ಲಿ ಕೂಡಿಸುವುದರಲ್ಲಿ. ಲೇಥ್ ಅಂಗಡಿಯಲ್ಲಿ ಮಾಡಿಸಿದ ಮೊದಲನೆಯ ತಟ್ಟೆ ಕೂದಲೆಳೆಯಷ್ಟು ಓರೆಯಾಗಿತ್ತು. ಎರಡೇ ದಿನದಲ್ಲಿ ಜೋಡಣೆ ತುಂಡಾಯಿತು. ಎರಡನೆಯದನ್ನು ಕೂಡಿಸುವ ಮುನ್ನ ಇಡೀ ಹಗಲು ಅಳತೆಯಲ್ಲಿಯೇ ಕಳೆದೆವು.

ಮೂರನೆಯ ಟಗರಿಗೆ 16 ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳು ಬಂದವು. ಒಂದೊಂದು 3.2 ವೋಲ್ಟ್, ಸಾಲಾಗಿ ಜೋಡಿಸಿದರೆ 51.2. ರೇವಾದ್ದು 48 ವೋಲ್ಟಿನ ವ್ಯವಸ್ಥೆಯಾದುದರಿಂದ ಹೊಂದಿಕೊಂಡಿತು. ಕೋಶಗಳು 200 ಆಂಪಿಯರ್-ಗಂಟೆಯವು, ಸಂಗ್ರಹ ಹತ್ತು ಯೂನಿಟ್ಟಿಗೆ ತುಸು ಮೇಲೆ. ಒಂದು ಲೀಟರ್ ಡೀಸೆಲಿನಲ್ಲಿ ಅಡಗಿರುವ ಶಕ್ತಿಯೂ ಸರಿಸುಮಾರು ಅಷ್ಟೇ ಎಂದು ತಿಳಿದಾಗ ನಮ್ಮ ಮುಖ ಬಾಡಿತು. ಆದರೆ ಡೀಸೆಲ್ ಎಂಜಿನ್ ಅದರಲ್ಲಿ ಮೂರರಲ್ಲೊಂದು ಪಾಲನ್ನು ದುಡಿಮೆಗೆ ಹಚ್ಚಿದರೆ ಹೆಚ್ಚು. ಉಳಿದದ್ದು ಬಿಸಿಯಾಗಿ, ಹೊಗೆಯಾಗಿ ಹೋಗುತ್ತದೆ. ಮೋಟಾರು ಹೆಚ್ಚಿನ ಪಾಲನ್ನು ಗಾಲಿಗೆ ತಲುಪಿಸುತ್ತದೆ. ಹೊಲದ ದಿನದ ಕೆಲಸಕ್ಕೆ ಒಂದು ರಾತ್ರಿಯ ಚಾರ್ಜು ಸಾಕು. (ಪಾನಾ ಜಾರಿ ಎರಡು ತುದಿಗಳ ನಡುವೆ ಬಿದ್ದು ಕಣ್ಣೆದುರೇ ಬೆಸೆದುಕೊಂಡ ದಿನದಿಂದ ಪಾನಾಗಳಿಗೆಲ್ಲ ಟೇಪು ಸುತ್ತಿದ್ದೇವೆ. ಮಾಡಲು ಹೊರಡುವವರು ಇದನ್ನು ಮೊದಲೇ ಸುತ್ತಿಕೊಳ್ಳಲಿ.)

ಅಪ್ಪ ಮೊದಲ ಸಲ ಕುಳಿತು ಒಂದು ಸುತ್ತು ಬಂದು ಹೇಳಿದರು: "ಸಪ್ಪಳನ ಇಲ್ಲಲ್ಲೋ ತಮ್ಮಾ, ಕುರಿ ಹೆಂಗ ಹಾದಿ ಬಿಡ್ತಾವ?" ನಿಜವೇ ಆಯಿತು. ಕುರಿಗಳು ಕದಲಲೇ ಇಲ್ಲ. ಎತ್ತಿನ ಹಳೆಯ ಗೆಜ್ಜೆಸರವನ್ನು ಮುಂದಿನ ಬಂಪರಿಗೆ ಕಟ್ಟಿದೆವು.

ಅಪ್ಪನಿಗೊಂದು ಆಸೆಯಿತ್ತು: ಆ ಜೀಪಿನಲ್ಲಿ ಮರಿಗಳನ್ನು ಹೇರಿಕೊಂಡು ಒಮ್ಮೆ ಸಂತೆಗೆ ಹೋಗಬೇಕು. ಅಲ್ಲಿ ನಾವು ಸೋತೆವು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ವಾಹನದ ಮೂಲರೂಪವನ್ನು ಮನಬಂದಂತೆ ಬದಲಿಸಲಾಗದು. ವಿದ್ಯುತ್ ಪರಿವರ್ತನೆಯ ಕಿಟ್ಟು ಎಐಎಸ್-123 ಮಾನದಂಡದಂತೆ ಪುಣೆಯ ಎಆರ್‌ಎಐಯಂಥ ಸಂಸ್ಥೆಯಲ್ಲಿ ಪರೀಕ್ಷೆಗೊಂಡಿರಬೇಕು. ನೋಂದಣಿ ಪತ್ರದಲ್ಲಿಯೂ ಅದು ದಾಖಲಾಗಬೇಕು. ಮನೆಯಂಗಳದಲ್ಲಿ ಕೂಡಿಸಿದ್ದಕ್ಕೆ ಆ ಮುದ್ರೆ ಎಲ್ಲಿಂದ ಬರಬೇಕು? ಈ ನಿಯಮ ಸರಿಯಾದುದೆಂದೇ ನಮ್ಮ ಅಭಿಪ್ರಾಯ. ನಮ್ಮ ಮೊದಲನೆಯ ತಟ್ಟೆ ಹೆದ್ದಾರಿಯಲ್ಲಿ ತುಂಡಾಗಿದ್ದರೆ ಏನಾಗುತ್ತಿತ್ತೆಂದು ನಮಗೆ ಗೊತ್ತು. ಆದರೆ ಅದನ್ನು ಅಪ್ಪನಿಗೆ ಹೇಳುವ ಸರದಿಯನ್ನು ನಾವು ಒಬ್ಬರ ಮೇಲೊಬ್ಬರು ಒಂದು ತಿಂಗಳು ಹಾಕುತ್ತ ಬಂದೆವು.

ಕೇಳಿ ಅವರು ಏನೂ ಅನ್ನಲಿಲ್ಲ. ಸಂತೆಯ ದಿನ ರುಮಾಲು ಸುತ್ತಿ, ಎರಡು ಮರಿಗಳನ್ನು ಜೀಪಿನಲ್ಲಿ ಹೇರಿಸಿ, ತಾವೇ ನಡೆಸಿಕೊಂಡು ನಮ್ಮ ಹೊಲ ಮುಗಿದು ಡಾಂಬರು ರಸ್ತೆ ಕಾಣುವವರೆಗೆ ಬಂದರು. ಅಲ್ಲಿ ಟೆಂಪೊ ಕಾದಿತ್ತು. ಮರಿಗಳು ಬದಲಾದವು, ಅಪ್ಪನೂ ಬದಲಾಗಿ ಕುಳಿತರು. "ಸಂಜೀಕ ಇಲ್ಲೇ ತಂದು ನಿಲ್ಲಸ್ರಿ" ಎಂದರು. ನಾವು ಜೀಪನ್ನು ತಿರುಗಿಸಿದೆವು. ಇನ್ನೂ ನಾಲ್ಕು ಖೇಪು ಗೊಬ್ಬರ ಹಾಕುವುದಿತ್ತು.