ಎಂಟು ತಿಂಗಳ ಕುಕ್ಕರ್

ಅಕ್ಕನ ಗೃಹಪ್ರವೇಶಕ್ಕೆ ಅಂತ ಹಾಸನದ ಒಂದು ಪಾತ್ರೆ ಅಂಗಡಿಯಲ್ಲಿ ಐದು ಲೀಟರಿನ ಕುಕ್ಕರ್ ತಗೊಂಡಿದ್ದೆ. 2,450 ರೂಪಾಯಿ. ಭಾವನ ಕಡೆಯವರು ಅದೇ ಕಂಪನಿಯ, ಅದೇ ಅಳತೆಯ ಇನ್ನೊಂದು ಕೊಟ್ಟಿದ್ದರಿಂದ ಅಕ್ಕ ನನ್ನದನ್ನು ವಾಪಸ್ ನಮ್ಮನೆಗೇ ಕಳಿಸಿದಳು. ಅಮ್ಮನ ಹತ್ತಿರ ಆಗಲೇ ಮೂರು ಕುಕ್ಕರ್ ಇದ್ದವು. ಇದು ಅಟ್ಟ ಸೇರಿತು. ಎಂಟು ತಿಂಗಳಾದ ಮೇಲೆ ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಕ್ಲೀನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು, ಕುಕ್ಕರ್ ಕೆಳಗಿಳಿಯಿತು.

"ಬಾಕ್ಸೇ ಬಿಚ್ಚಿಲ್ಲ ಕಣೋ. ಹೋಗಿ ಕೊಟ್ಟು ದುಡ್ಡು ಇಸ್ಕೊಂಡು ಬಾ" ಅಂದಳು ಅಮ್ಮ.

"ಎಂಟು ತಿಂಗಳಾಯ್ತಲ್ಲಮ್ಮ."

"ವಿಷಲ್ ಸರಿಯಿಲ್ಲ ಅನ್ನು."

ಬಿಲ್ ಸಿಕ್ಕಿತು. ಕೆಳಗೆ ಮಾಮೂಲಿ ಸಾಲು: ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಇಂಜಿನಿಯರ್ ಬುದ್ಧಿ, ಜಗಳಕ್ಕೆ ಹೋಗುವ ಮೊದಲು ಮೊಬೈಲ್ ತೆಗೆದು ಕಾನೂನು ಓದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ತಗೊಳ್ಳಲು ನಿರಾಕರಿಸುವುದು ಅನುಚಿತ ವ್ಯಾಪಾರ. ಅಂದರೆ ಬಿಲ್‌ನ ಆ ಸಾಲು ಅಂಗಡಿಯವರನ್ನು ಪೂರ್ತಿ ಕಾಪಾಡಲ್ಲ. ಆದರೆ ನನ್ನ ಕುಕ್ಕರಿನಲ್ಲಿ ದೋಷವೂ ಇಲ್ಲ, 30 ದಿನವೂ ಉಳಿದಿಲ್ಲ. ನನ್ನ ಪರವಾಗಿ ಇದ್ದದ್ದು ಅಮ್ಮ ಹೇಳಿಕೊಟ್ಟ ವಿಷಲ್ ಒಂದೇ.

ಅಂಥ ಸುಳ್ಳು ನನಗೆ ಹೊಸದಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಆನ್‌ಸೈಟ್ ಅಂತ ಒಂದು ಚಳಿಗಾಲ ನ್ಯೂಜೆರ್ಸಿಯಲ್ಲಿದ್ದೆ. ನವೆಂಬರ್‌ನಲ್ಲಿ ದೊಡ್ಡ ಸ್ಟೋರೊಂದರಲ್ಲಿ ರೂಮ್ ಹೀಟರ್ ತಗೊಂಡೆ. ಮಾರ್ಚ್ ಮುಗಿಯುವ ತನಕ ಅದರ ಪಕ್ಕದಲ್ಲೇ ಮಲಗಿದೆ. ಏಪ್ರಿಲ್‌ನಲ್ಲಿ ವಾಪಸ್ ಹೊರಡುವ ವಾರ ರೂಮ್‌ಮೇಟ್ ಹೇಳಿದ, "ಮಾರೋದ್ಯಾಕೋ, ರಿಟರ್ನ್ ಮಾಡು. ಅವರು ಯಾವಾಗ ಬೇಕಾದ್ರೂ ತಗೋತಾರೆ. ಎಲ್ರೂ ಮಾಡ್ತಾರೆ." ನಿಜ, ನಮ್ಮ ಅಪಾರ್ಟ್‌ಮೆಂಟಿನಲ್ಲೇ ಟೀವಿ, ವ್ಯಾಕ್ಯೂಮ್ ಕ್ಲೀನರ್, ಗಾಳಿ ಹಾಸಿಗೆ ಎಲ್ಲ ಹಾಗೇ ಬಂದು ಹಾಗೇ ಹೋಗುತ್ತಿದ್ದವು. ಬಾಡಿಗೆ ಇಲ್ಲದ ಬಾಡಿಗೆ ಸಾಮಾನು.

ಕೌಂಟರಿನಲ್ಲಿದ್ದವರು ಹೆಚ್ಚುಕಮ್ಮಿ ನನ್ನಮ್ಮನ ವಯಸ್ಸಿನವರು. ಏನು ತೊಂದರೆ ಅಂತ ಕೇಳಿದರು. ಸರಿಯಾಗಿ ಬಿಸಿ ಆಗ್ತಿಲ್ಲ ಅಂದೆ. ಅವರು ಅದಕ್ಕೊಂದು ಸ್ಟಿಕ್ಕರ್ ಅಂಟಿಸಿ, ಕೆಟ್ಟ ಸಾಮಾನಿನ ಗಾಡಿಗೆ ಎತ್ತಿಟ್ಟು, 80 ಡಾಲರ್ ಕಾರ್ಡಿಗೆ ಹಾಕಿ, "ಇಷ್ಟು ಚಳಿಯಲ್ಲಿ ಕಷ್ಟಪಟ್ಟಿರಿ, ಸಾರಿ" ಅಂದರು. ನಾನು ಥ್ಯಾಂಕ್ಸ್ ಹೇಳಿ ಬಂದೆ. ಚೆನ್ನಾಗಿದ್ದ ಹೀಟರ್ ನನ್ನ ಒಂದು ಮಾತಿಗೆ ಕೆಟ್ಟಿದ್ದರ ಲೆಕ್ಕಕ್ಕೆ ಹೋಯಿತು.

ಆಮೇಲೆ ಎಲ್.ಎಲ್. ಬೀನ್ ಕಥೆ ಓದಿದೆ. 1912ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಆ ಮನುಷ್ಯ ಮಾರಿದ ಮೊದಲ 100 ಜೊತೆ ಬೂಟುಗಳಲ್ಲಿ 90 ಹೊಲಿಗೆ ಬಿಟ್ಟು ವಾಪಸ್ ಬಂದವಂತೆ. ಎಲ್ಲರಿಗೂ ಹಣ ಕೊಟ್ಟ. ಯಾವಾಗ ಬೇಕಾದರೂ ವಾಪಸ್ ತನ್ನಿ ಅನ್ನುವ ಮಾತಿನ ಮೇಲೇ ಕಂಪನಿ ಬೆಳೆಯಿತು. ಕೊನೆಗೆ ಜನ ಹತ್ತಾರು ವರ್ಷ ಹಾಕಿ ಸವೆಸಿದ್ದನ್ನು, ಸೆಕೆಂಡ್ ಹ್ಯಾಂಡ್ ಕೊಂಡಿದ್ದನ್ನು ಕೂಡ ತಂದುಕೊಡಲು ಶುರು ಮಾಡಿದರು. ಐದು ವರ್ಷದಲ್ಲಿ 25 ಕೋಟಿ ಡಾಲರ್ ಹೋಯಿತು ಅಂತ ಕಂಪನಿ ಹೇಳಿತು. 2018ರ ಫೆಬ್ರವರಿಯಲ್ಲಿ ಒಂದು ವರ್ಷ, ಬಿಲ್ ಬೇಕು ಅಂತ ನಿಯಮ ಬಂತು. ನಾನು ಹೀಟರ್ ಕೊಟ್ಟ ಅಂಗಡಿ ಬೇರೆ. ಆದರೂ ಓದುವಾಗ ಕಿವಿ ಬಿಸಿಯಾಯಿತು.

ಇಲ್ಲಿ ನಾವೇನು ಕಮ್ಮಿ? ಆನ್‌ಲೈನಿನಲ್ಲಿ ಸಾಮಾನ್ಯವಾಗಿ ಏಳೋ ಹತ್ತೋ ದಿನ ಕೊಡ್ತಾರೆ, ಅಷ್ಟರಲ್ಲೇ ಟ್ಯಾಗ್ ಒಳಗೆ ಮಡಚಿಟ್ಟು ಮದುವೆ ಮುಗಿಸಿ ಲೆಹೆಂಗಾ ವಾಪಸ್ ಕಳಿಸುವವರು ನಮ್ಮ ಆಫೀಸಿನಲ್ಲೇ ಇದ್ದಾರೆ. ಊಟದ ಟೇಬಲ್ಲಿನಲ್ಲಿ ಅದು ಜೋಕು. ನಾನೂ ನಕ್ಕಿದ್ದೇನೆ.

ಇರಲಿ, ಕುಕ್ಕರ್. ಹಬ್ಬದ ರಶ್ಶು ಇಳಿಯಲಿ ಅಂತ ಮಧ್ಯಾಹ್ನ ಹೋದೆ. ಗಲ್ಲಾದ ಹಿಂದೆ ಯಜಮಾನರೇ ಇದ್ದರು.

"ಏನಪ್ಪಾ, ಮೇಷ್ಟ್ರ ಮಗ ಅಲ್ವಾ ನೀನು? ಯಾವಾಗ ಬಂದೆ?"

ಬಾಕ್ಸ್ ಮುಂದಿಟ್ಟೆ. ಅವರೂ ಅದೇ ಪ್ರಶ್ನೆ ಕೇಳಿದರು: "ಏನಾಯ್ತು, ಏನಾದ್ರೂ ತೊಂದ್ರೆನಾ?"

ವಿಷಲ್ ನಾಲಿಗೆ ತುದಿಯಲ್ಲಿತ್ತು. ಆದರೆ ಅವರು ಕನ್ನಡಕ ಹಾಕಿಕೊಂಡು ಬಾಕ್ಸ್ ಬಿಚ್ಚಿ, ಮುಚ್ಚಳ ತಿರುಗಿಸಿ ತಿರುಗಿಸಿ ಶ್ರದ್ಧೆಯಿಂದ ದೋಷ ಹುಡುಕತೊಡಗಿದರು. ನೋಡೋಕಾಗಲಿಲ್ಲ. "ಇಲ್ಲ ಅಂಕಲ್, ತೊಂದರೆ ಏನಿಲ್ಲ. ಗಿಫ್ಟ್ ಎರಡೆರಡು ಬಂತು. ತರೋದು ಲೇಟಾಯ್ತು, ತಪ್ಪು ನಂದೇ. ಆಗಲ್ಲ ಅಂದ್ರೆ ಪರವಾಗಿಲ್ಲ" ಅಂದೆ.

ಅವರು ಬಾಕ್ಸಿನ ಮೇಲೆ ಪ್ರಿಂಟಾಗಿದ್ದ ತಿಂಗಳು, ವರ್ಷದ ಮೇಲೆ ಬೆರಳಿಟ್ಟರು. "ಕಂಪನಿಯೋರು ಇದನ್ನ ವಾಪಸ್ ತಗೊಳಲ್ಲಪ್ಪ. ಗಿರಾಕಿ ಮೊದಲು ನೋಡೋದೂ ಇದನ್ನೇ. ಹಳೇ ಮಾಲು ಅಂತಾರೆ. ಒಂದು ಕುಕ್ಕರಲ್ಲಿ ನಂಗೆ ಉಳಿಯೋದೇ ಇನ್ನೂರೋ ಮುನ್ನೂರೋ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನೇ ಹೇಳು, ಎಷ್ಟು ಕೊಡ್ಲಿ?" ಅಂದರು.

ಆಗಲ್ಲ ಅಂದಿದ್ದರೆ ಸಲೀಸಾಗಿತ್ತು. ನ್ಯೂಜೆರ್ಸಿಯಲ್ಲಿ ಪಾಲಿಸಿ ಇತ್ತು, ನಾನು ಲೆಕ್ಕ ಹಾಕಬೇಕಿರಲಿಲ್ಲ. ಇಲ್ಲಿ ಹೋಗುವ ದುಡ್ಡು ಯಾರ ಗಲ್ಲಾದಿಂದ ಅನ್ನುವುದು ಎದುರಿಗೇ ಕೂತಿತ್ತು. ಎಂಟು ತಿಂಗಳು ಮರೆತಿದ್ದು ನಾನು, ಅದರ ಬೆಲೆಯನ್ನು ಅವರು ಯಾಕೆ ಕೊಡಬೇಕು?

"ಎರಡು ಸಾವಿರ ಕೊಡಿ ಅಂಕಲ್."

ಅವರು ಎಣಿಸಿ ಕೊಟ್ಟಿದ್ದು 2,150. "ರಬ್ಬರು ಗಟ್ಟಿಯಾಗಿರುತ್ತೆ, ಹೊಸದು ಹಾಕಿ ಮಾರ್ತೀನಿ. ಅದಕ್ಕೊಂದಿಷ್ಟು ಹಿಡ್ಕೊಂಡಿದೀನಿ ಅಷ್ಟೆ. ಅಪ್ಪ ವಾಕಿಂಗ್ ಬರ್ತಿಲ್ವಲ್ಲ, ಹುಷಾರಾಗಿದಾರಾ?"

ಮನೆಗೆ ಬಂದು ಅಮ್ಮನ ಕೈಗೆ ದುಡ್ಡು ಕೊಟ್ಟೆ. ಎರಡು ಸಲ ಎಣಿಸಿದಳು.

"ಮುನ್ನೂರು ಯಾಕೋ ಕಮ್ಮಿ? ವಿಷಲ್ ವಿಷಯ ಹೇಳಿದ್ಯೋ ಇಲ್ವೋ?"

"ವಿಷಲ್ ಸರಿಯಾಗೇ ಇತ್ತಮ್ಮ" ಅಂದೆ. ಪೇಪರ್ ಓದುತ್ತಿದ್ದ ಅಪ್ಪ ತಲೆ ಎತ್ತದೆ ನಕ್ಕರು.