ಕೋವಿ ಯಾರದು? ಕಾರವಾರ–ಅಂಕೋಲೆಯ ದಾಖಲೆಗಳ ದಾರಿ

ಹಳೆಯ ಓಲೆಗರಿ ಪ್ರತಿಯೊಂದು ಕೈಗೆ ಬಂದಾಗ ಗ್ರಂಥಸಂಪಾದಕನು ಮೊದಲು ತಿರುವಿ ನೋಡುವುದು ಅದರ ಕೊನೆಯ ಗರಿಯನ್ನು. ಪ್ರತಿ ಮಾಡಿದವನಾರು, ಯಾರಿಗಾಗಿ ಮಾಡಿದನು, ಯಾವ ಸಂವತ್ಸರದಲ್ಲಿ ಮುಗಿಸಿದನು ಎಂಬ ವಿವರ ಅಲ್ಲಿರುವುದುಂಟು. ಹಳೆಯ ಸೈನಿಕ ಬಂದೂಕಿಗೂ ಇಂಥದೊಂದು ಪುಷ್ಪಿಕೆಯಿದೆ. ಆದರೆ ಅದನ್ನು ಬರೆದದ್ದು ಒಡೆಯನಲ್ಲ, ಸರ್ಕಾರ. ಕಾರವಾರ, ಅಂಕೋಲೆಗಳಂಥ ಕರಾವಳಿಯ ಊರುಗಳಲ್ಲಿ ಒಂದು ಕೋವಿ ಯಾರ ಯಾರ ಕೈ ದಾಟಿ ಬಂತು ಎಂದು ದಾಖಲೆಗಳಲ್ಲಿ ಹುಡುಕಹೊರಟವನಿಗೆ ಈ ವ್ಯತ್ಯಾಸದ ಅರ್ಥ ಹೆಜ್ಜೆಹೆಜ್ಜೆಗೂ ತಿಳಿಯುತ್ತದೆ.

ಶೋಧವು ಲೋಹದ ಮೇಲಿನ ಬರಹದಿಂದ ಆರಂಭವಾಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಬಂದೂಕಾಗಿದ್ದರೆ ಕುದುರೆಯ ಬಳಿಯ ತಗಡಿನ ಮೇಲೆ ಕಿರೀಟ ಹಿಡಿದು ನಿಂತ ಸಿಂಹದ ಮುದ್ರೆ ಇರಬಹುದು. 1853ರ ಮಾದರಿಯ ಎನ್‌ಫೀಲ್ಡ್‌ನಲ್ಲಿ ಕಿರೀಟದ ಗುರುತೂ ಇಸವಿಯೂ ಕಾಣುತ್ತವೆ. ಇಪ್ಪತ್ತನೆಯ ಶತಮಾನದ ಲೀ-ಎನ್‌ಫೀಲ್ಡ್ ರೈಫಲಿನಲ್ಲಿ ಹಿಡಿಯ ಹತ್ತಿರದ ಲೋಹಪಟ್ಟಿಯ ಮೇಲೆ ರಾಜಮುದ್ರೆ, ತಯಾರಾದ ಸ್ಥಳ, ಇಸವಿ ಮತ್ತು ಮಾದರಿ ಒಂದರ ಕೆಳಗೊಂದು ಬರುತ್ತವೆ. ಬಂಗಾಳದ ಇಷಾಪುರ ಕಾರ್ಖಾನೆಯ ಹೆಸರಿದ್ದರೆ ಅದು ಭಾರತದಲ್ಲೇ ಹುಟ್ಟಿದ್ದು. ಬಾಣದ ಗುರುತು ಸರ್ಕಾರಿ ಸ್ವತ್ತಿನ ಸಂಕೇತ. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ ಅದು ಸೇವೆಯಿಂದ ತೆಗೆದು ಮಾರಿದ ವಸ್ತು. ಕೆಲವು ರೈಫಲುಗಳ ಮರದ ಹಿಂಬದಿಯಲ್ಲಿ ಹಿತ್ತಾಳೆಯ ಬಿಲ್ಲೆಯೊಂದಿದ್ದು, ಅದರ ಮೇಲೆ ಪಲ್ಟನ್ನಿನ ಹೆಸರೂ ಅಲ್ಲಿನ ಕ್ರಮಸಂಖ್ಯೆಯೂ ಇರುತ್ತವೆ.

ಇಷ್ಟೆಲ್ಲ ಓದಿದ ಮೇಲೂ ಸಿಗದಿರುವುದು ಒಂದೇ: ಮನುಷ್ಯನ ಹೆಸರು. ಬಿಲ್ಲೆಯು ಪಲ್ಟನ್ನನ್ನು ಹೇಳುತ್ತದೆ, ಸಿಪಾಯಿಯನ್ನು ಹೇಳುವುದಿಲ್ಲ. ಸಂಖ್ಯೆಯೂ ತಾನೊಂದೇ ಸಾಕ್ಷಿಯಾಗಲಾರದು. ಒಂದೇ ಸಂಖ್ಯೆ ಬೇರೆ ಬೇರೆ ಕಾರ್ಖಾನೆಗಳ, ಬೇರೆ ಬೇರೆ ವರ್ಷಗಳ ರೈಫಲುಗಳ ಮೇಲೆ ಬಂದಿರಬಹುದು. ನಳಿಗೆಯ ಸಂಖ್ಯೆಗೂ ಬೋಲ್ಟಿನ ಸಂಖ್ಯೆಗೂ ತಾಳೆಯಾಗದಿದ್ದರೆ, ಎರಡು ಪ್ರತಿಗಳ ಗರಿಗಳು ಒಂದೇ ಕಟ್ಟಿನಲ್ಲಿ ಸೇರಿಕೊಂಡಂತೆ, ಅದು ಕೂಡುಪಾಠವೆಂದು ತಿಳಿಯಬೇಕು.

ಹೆಸರು ಮೊದಲು ಕಾಣಿಸಿಕೊಳ್ಳುವುದು ಪರವಾನಗಿಯ ಕಾಗದದಲ್ಲಿ. 1878ರ ಆಯುಧ ಕಾಯ್ದೆಯಿಂದ ಇಂದಿನ 1959ರ ಕಾಯ್ದೆಯವರೆಗೆ ಪರವಾನಗಿ ಪದ್ಧತಿಯು ಒಡೆಯನನ್ನೂ ಅವನ ಊರನ್ನೂ ಆಯುಧವನ್ನೂ ಒಂದೇ ಸಾಲಿಗೆ ತಂದಿತು. ಅಡಕೆ ತೋಟ, ಭತ್ತದ ಗದ್ದೆಗಳ ಅಂಚಿಗೇ ಕಾಡಿರುವ ಈ ಸೀಮೆಯಲ್ಲಿ ಹಂದಿ, ಮಂಗಗಳ ಕಾಟಕ್ಕೆಂದು ಕೊಡುವ ಬೆಳೆ ರಕ್ಷಣೆಯ ಪರವಾನಗಿ ಜನರಿಗೆ ಪರಿಚಿತವಾದದ್ದೇ. ಆದರೆ ಆಯುಧದ ವಿವರದ ಅಂಕಣದಲ್ಲಿರುವುದು ಬಹುಮಟ್ಟಿಗೆ ‘ಎಸ್.ಬಿ.ಎಂ.ಎಲ್.’ ಎಂಬ ನಾಲ್ಕಕ್ಷರ. ಒಂಟಿನಳಿಗೆಯ, ಬಾಯಿಯಿಂದ ಮದ್ದು ತುಂಬುವ ಬಂದೂಕು ಎಂದಷ್ಟೇ ಅದರರ್ಥ. ಊರ ಕಮ್ಮಾರ ಮಾಡಿದ ಕೇಪಿನ ಕೋವಿಯೂ, ಸೈನ್ಯದಿಂದ ಹೊರಬಿದ್ದು ನಳಿಗೆಯನ್ನು ನುಣುಪಾಗಿ ಕೊರೆಸಿಕೊಂಡ ಎನ್‌ಫೀಲ್ಡೂ ಆ ನಾಲ್ಕಕ್ಷರದಲ್ಲಿ ಒಂದಾಗಿಬಿಡುತ್ತವೆ. ಹೀಗೆ ಲೋಹದ ಬರಹ ಒಡೆಯನನ್ನು ಮರೆಯುತ್ತದೆ, ಕಾಗದದ ಬರಹ ಬಂದೂಕಿನ ಹುಟ್ಟನ್ನು ಮರೆಯುತ್ತದೆ. ಎರಡನ್ನೂ ಹೊಂದಿಸಿ ಓದಿದಾಗ ಮಾತ್ರ ವಂಶಾವಳಿ ಕೂಡಿಬರುತ್ತದೆ.

ಆ ಕಾಗದಗಳಾದರೂ ಒಂದೆಡೆ ಇಲ್ಲ. 1799ರಲ್ಲಿ ಟಿಪ್ಪುವಿನ ಪತನಾನಂತರ ಕೆನರಾ ಮದರಾಸಿನ ಆಡಳಿತಕ್ಕೆ ಸೇರಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಹೋಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ನೆಲ ಕದಲಲಿಲ್ಲ, ಕಡತಗಳು ಮಾತ್ರ ಊರು ಬದಲಿಸಿದವು. ಅಂಕೋಲೆಯ ಕೋವಿಯೊಂದರ ಮೊದಲ ಅಧ್ಯಾಯಕ್ಕೆ ಚೆನ್ನೈಯನ್ನು, ನಡುವಿನದಕ್ಕೆ ಮುಂಬಯಿಯನ್ನು, ಕೊನೆಯದಕ್ಕೆ ಬೆಂಗಳೂರು, ಕಾರವಾರಗಳನ್ನು ಕೇಳಬೇಕು. ಸೈನ್ಯದ ಸಂಗತಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರವೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳೂ ಇವೆ. ಕಾಳಿ ನದಿಯ ಉತ್ತರಕ್ಕೆ ತುಸು ದೂರದಲ್ಲೇ 1961ರ ಡಿಸೆಂಬರಿನವರೆಗೂ ಪೋರ್ಚುಗೀಸರ ಗಡಿಯಿದ್ದುದರಿಂದ, 1595ರಲ್ಲಿ ಸ್ಥಾಪನೆಯಾದ ಗೋವೆಯ ಪತ್ರಾಗಾರವನ್ನೂ ಬಿಡುವಂತಿಲ್ಲ.

ಇಷ್ಟೊಂದು ಬರಹ ಏಕೆ ಹುಟ್ಟಿತು ಎಂಬ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದದ್ದು. ಉತ್ತರ 1857ರಲ್ಲಿದೆ. ಆ ವರ್ಷದ ಆಯುಧ ಕಾಯ್ದೆಯು ಜನರ ಬಳಿಯಿದ್ದ ಆಯುಧಗಳನ್ನು ಎಣಿಸಲು ಹೊರಟಿದ್ದು ಕಸಿದುಕೊಳ್ಳುವುದಕ್ಕಾಗಿ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ನವೆಂಬರಿನಲ್ಲಿ ಊರಿನ ಮೇಲೆ ಸೈನ್ಯ ಬಂತು; ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಮರುವರ್ಷ ಕಾರವಾರದ ನೆರೆಯ ಸೂಪಾ ಸೀಮೆಯಲ್ಲಿ, ಅಂದರೆ ಈಗಿನ ಜೋಯಿಡಾ ಕಾಡುಗಳಲ್ಲಿ, ಸಾವಂತವಾಡಿಯ ಫಡ್ನೀಸ್ ಸಹೋದರರೂ ಸಿದ್ದಿ ಬಾಸ್ತ್ಯಾಂವನೂ ಬಂಡೆದ್ದು 1859ರವರೆಗೂ ಕಾದಾಡಿದರು. ಸರ್ಕಾರದ ಲೇಖನಿಗೆ ಬಂದೂಕಿನ ಒಡೆಯನ ಹೆಸರು ಬೇಕಾದದ್ದು ಇಂಥ ಗಳಿಗೆಗಳಲ್ಲಿ. ಆದಕಾರಣ ಈ ದಾಖಲೆಗಳನ್ನು ಒಡೆತನದ ದಾಖಲೆಗಳೆನ್ನುವುದಕ್ಕಿಂತ ಭಯದ ದಾಖಲೆಗಳೆನ್ನುವುದು ಹೆಚ್ಚು ಸರಿ. ಭಯವಿಲ್ಲದ ಕಾಲದಲ್ಲಿ ತಂದೆಯಿಂದ ಮಗನಿಗೆ, ಅಳಿಯನಿಗೆ, ಒಕ್ಕಲಿಗೆ ಸುಮ್ಮನೆ ಕೈಬದಲಾದ ಕೋವಿಗಳ ಕಥೆ ಅವುಗಳಲ್ಲಿಲ್ಲ.

ಇಲ್ಲಿ ಸಾಹಿತ್ಯದ ವಿದ್ಯಾರ್ಥಿಗೆ ಕೆಲಸವಿದೆ. ಹಲಗಲಿಯ ಲಾವಣಿಯನ್ನು ಜೆ. ಎಫ್. ಫ್ಲೀಟ್ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದನು. ಅವನು ಅದೇ ಸರ್ಕಾರದ ಅಧಿಕಾರಿ ಎಂಬುದು ವಿಚಿತ್ರವಾದರೂ ನಿಜ. ಕಡತಕ್ಕೆ ಬೇಕಾದದ್ದು ಆಯುಧಗಳ ಲೆಕ್ಕ ಮತ್ತು ಅಪರಾಧಿಗಳ ಪಟ್ಟಿ. ಲಾವಣಿ ನೆನಪಿಟ್ಟದ್ದು ಹನುಮ, ಬಾಲ, ಜಡಗ, ರಾಮರನ್ನು; ಆಯುಧವೆಂದರೆ ಅವರಿಗೆ ಏನಾಗಿತ್ತು ಎಂಬುದನ್ನು. ಲಾವಣಿಯಿಂದ ಬಂದೂಕಿನ ಸಂಖ್ಯೆ ತಿಳಿಯದು. ಕಡತದಿಂದ ಮಾನ ತಿಳಿಯದು. ಒಂದನ್ನು ಇತಿಹಾಸವೆಂದೂ ಇನ್ನೊಂದನ್ನು ಕಟ್ಟುಕಥೆಯೆಂದೂ ಬೇರ್ಪಡಿಸಿದವನಿಗೆ ಅರ್ಧವೇ ದಕ್ಕುತ್ತದೆ.

ಕೊಡಗಿನ ಉದಾಹರಣೆ ಈ ಮಾತನ್ನು ಇನ್ನೊಂದು ಬದಿಯಿಂದ ಸ್ಪಷ್ಟಪಡಿಸುತ್ತದೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ನಡೆದುಬಂದಿದೆ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು, ಕೈಲ್‌ಪೊಳ್ದಿನಲ್ಲಿ ಆಯುಧಪೂಜೆ: ಹೀಗೆ ಕೋವಿಯ ನೆನಪು ಮನೆಯ ಆಚರಣೆಯಲ್ಲಿ ಉಳಿದಿದೆ. ಕರಾವಳಿಯಲ್ಲಿ ಅದರ ನೆನಪಿನ ಬಹುಪಾಲು ಕಚೇರಿಗೆ ಸೇರಿತು. ಕಚೇರಿ ಮರೆತರೆ ಮನೆಯೂ ಮರೆತಂತೆಯೇ.

ಆ ಮರೆವು ಈಗ ಹತ್ತಿರವಾಗುತ್ತಿದೆ. ಪರವಾನಗಿದಾರನು ತೀರಿಕೊಂಡ ಮೇಲೆ ಆಯುಧವನ್ನು ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಬೇಕು. ವಾರಸುದಾರರು ಅವಧಿಯೊಳಗೆ ಕೇಳದಿದ್ದರೆ ಅದು ಸರ್ಕಾರಕ್ಕೆ ಸೇರಿ ಕೊನೆಗೆ ನಾಶವಾಗಬಹುದು. ಮಕ್ಕಳು ಮುಂಬಯಿ, ಬೆಂಗಳೂರು ಸೇರಿರುವಾಗ ಕೇಳುವವರಾರು? ಬಳಕೆಗೆ ಬಾರದ, ಪುರಾತನ ಮೌಲ್ಯದ ಆಯುಧಗಳನ್ನು ಕಾಯ್ದೆಯು ಹೊರಗಿಟ್ಟಿದೆಯಾದರೂ, ಪುರಾತನವೆಂದು ಗುರುತಿಸಲು ಮುದ್ರೆ ಓದಬಲ್ಲ ಕಣ್ಣು ಬೇಕು. ಹಳೆಯ ವಹಿಗಳಿಗೂ ಇರಿಸಿಕೊಳ್ಳುವ ಅವಧಿಯೊಂದಿದೆ. ಅದು ಮುಗಿದರೆ ಅವು ರದ್ದಿ.

ಕಬ್ಬಿಣ ಕರಗುವುದನ್ನು ಸಂಶೋಧಕನು ತಡೆಯಲಾರನು. ಆದರೆ ಕರಗುವ ಮುನ್ನ ಅದರ ಮೈಮೇಲಿನ ಮುದ್ರೆಯನ್ನು ಬರೆದುಕೊಳ್ಳಬಹುದು, ವಹಿಯ ಸಾಲನ್ನು ನಕಲು ಮಾಡಬಹುದು, ಮನೆಯ ಹಿರಿಯರು ಆ ಕೋವಿಯ ಬಗ್ಗೆ ಹೇಳುವುದನ್ನು ಕೇಳಿಕೊಳ್ಳಬಹುದು. ಮೂರನ್ನೂ ಒಂದೇ ಪುಟದಲ್ಲಿ ಇಟ್ಟಾಗ, ಭಯದಿಂದ ಬರೆದ ಹೆಸರೊಂದು ಮತ್ತೆ ಮನುಷ್ಯನ ಹೆಸರಾಗುತ್ತದೆ.