ದೊಡ್ಡವ್ವನ ಬೀಡಿ

ನಮ್ಮ ಕೇರಿಯಲ್ಲಿ ಹೆಂಗಸರು ಬೀಡಿ ಸೇದಿದರೆ ಯಾರೂ ಬೆರಗಾಗುತ್ತಿರಲಿಲ್ಲ. ನಾಟಿ ಗದ್ದೆಯಲ್ಲಿ ಸೊಂಟ ನೆಟ್ಟಗೆ ಮಾಡುವ ನೆಪಕ್ಕೊಂದು, ಮುದ್ದೆ ಇಲ್ಲದ ಮಧ್ಯಾಹ್ನಕ್ಕೊಂದು. "ಹಸಿವು ಸಾಯಿಸ್ತದೆ ಕಣ್ರಪ್ಪಾ" ಅನ್ನುತ್ತಿದ್ದಳು ದೊಡ್ಡವ್ವ. ಅವಳ ಮಗ್ಗುಲಲ್ಲಿ, ಆ ಹೊಗೆಯಲ್ಲೇ ಮಲಗಿ ಬೆಳೆದವರು ನಾವು.

ಮುಟ್ಟು ನಿಂತು ಎಷ್ಟೋ ವರ್ಷದ ಮೇಲೆ ಅವಳಿಗೆ ಮತ್ತೆ ರಕ್ತ ಹೋಗತೊಡಗಿತು. ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ. ಸೀರೆ ಒಗೆಯಲು ಒಬ್ಬಳೇ ಕೆರೆಗೆ ಹೋಗುವುದನ್ನು ಕಂಡೂ ಕಾಣದಂತಿದ್ದೆವು. ದೊಡ್ಡಾಸ್ಪತ್ರೆಗೆ ಒಯ್ಯುವಷ್ಟರಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಕೈಮೀರಿತ್ತು. "ಬೀಡಿ ಸೇದೋಳಾ? ಇನ್ನೇನಾಗ್ತದೆ ಮತ್ತೆ!" ಅಂದರು ಅಲ್ಲಿಯವರು. ನಮಗೆ ಮೈ ಉರಿಯಿತು. ಎದೆಗೆ ಎಳೆದ ಹೊಗೆ ಅಲ್ಲಿಗೆ ಹೆಂಗೆ ಇಳೀತದೆ?

ಹೊಗೆ ಇಳಿಯುವುದಿಲ್ಲ, ಅದರ ವಿಷ ಇಳಿಯುತ್ತದೆ. ರಕ್ತ ಸೇರಿದ ನಿಕೋಟಿನ್, ಸೇದುವ ಹೆಂಗಸರ ಗರ್ಭಕಂಠದ ಲೋಳೆಯಲ್ಲಿ ಸಿಕ್ಕಿದೆ. ಅಲ್ಲಿನ ಪದರದಲ್ಲಿ ಲ್ಯಾಂಗರ್‌ಹಾನ್ಸ್ ಎಂಬ ಕಾವಲು ಕಣಗಳಿವೆ. ಊರ ತಳವಾರನಂತೆ ಹೊರಗಿನವನನ್ನು ಹಿಡಿದು, ಗುರುತು ಹೇಳಿ, ಮಿಕ್ಕವರನ್ನು ಎಬ್ಬಿಸುವುದು ಇವುಗಳ ಕೆಲಸ. ಸೇದುವ ಹೆಂಗಸರಲ್ಲಿ ಇವು ಕಡಿಮೆ ಎಂದು 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಈ ಕ್ಯಾನ್ಸರಿಗೆ ಮೂಲ ಬೀಡಿಯಲ್ಲ, ಎಚ್‌ಪಿವಿ ಎಂಬ ವೈರಸ್ಸು. ಗಂಡು ಹೆಣ್ಣಿನ ಕೂಟದಲ್ಲಿ ಅಂಟುವಂಥದ್ದು. ಬಹುಪಾಲು ಹೆಂಗಸರ ಮೈ ಒಂದೆರಡು ವರ್ಷದಲ್ಲಿ ತಾನೇ ಅದನ್ನು ಓಡಿಸುತ್ತದೆ. ಕಾವಲು ತೆಳುವಾದ ಕಡೆ ಅದು ಬೇರು ಬಿಡಬಹುದು ಎಂಬುದು ವೈದ್ಯರ ಎಣಿಕೆ.

ಹಾಗಾದರೆ ತಪ್ಪು ದೊಡ್ಡವ್ವನದೋ? ಕೂಲಿಯಲ್ಲಿ ಹೊಟ್ಟೆ ತುಂಬಿದ್ದರೆ ಅವಳು ಬೀಡಿಯಿಂದ ಹಸಿವು ಸಾಯಿಸಬೇಕಿತ್ತೆ? ವೈರಸ್ಸನ್ನು ಮನೆಗೆ ತಂದವರನ್ನು ಯಾರಾದರೂ ಕೇಳಿದರೆ? ಸೇದುವುದು ಬಿಡಲೇಬೇಕು, ನಿಜ. ಆದರೆ ಬೈದು ಕೈತೊಳೆದುಕೊಳ್ಳುವವರು ಅವಳನ್ನು ಮೊದಲೇ ಪರೀಕ್ಷೆ ಮಾಡಿದ್ದರೆ ಆಗುತ್ತಿತ್ತು. ಅದಕ್ಕೆ ದೊಡ್ಡ ಯಂತ್ರವೇನೂ ಬೇಡ. ವಿನಿಗರ್‌ನಂಥ ತೆಳು ಆಮ್ಲ ಸವರಿದರೆ ಕೆಟ್ಟ ಜಾಗ ಬೆಳ್ಳಗೆ ಕಾಣುತ್ತದೆ. ಮುಂಬಯಿಯ ಕೊಳೆಗೇರಿಗಳಲ್ಲಿ, ತರಬೇತಿ ಪಡೆದ ಸಾಮಾನ್ಯ ಹೆಂಗಸರೇ ಎರಡು ವರ್ಷಕ್ಕೊಮ್ಮೆ ಹೀಗೆ ನೋಡಿದರು. ಈ ರೋಗದ ಸಾವು ನೂರಕ್ಕೆ 31ರಷ್ಟು ಇಳಿಯಿತೆಂದು 2013ರಲ್ಲಿ ವರದಿಯಾಯಿತು.

ದೊಡ್ಡವ್ವ ಹೋದ ಮೇಲೆ ಅವಳ ಸೆರಗಿನ ಗಂಟಲ್ಲಿ ಅರ್ಧ ಸೇದಿದ ಮೂರು ಬೀಡಿ ಸಿಕ್ಕವು. ಈಗ ನಮ್ಮ ಅತ್ತಿಗೆ ಒಬ್ಬಳೇ ಕೆರೆಗೆ ಹೊರಟರೆ ನಾವು ಸುಮ್ಮನಿರುವುದಿಲ್ಲ. "ಅತ್ತಿಗಮ್ಮಾ, ರಕ್ತ ಏನಾದ್ರೂ ಹೋಯ್ತಾ ಇದ್ಯಾ?" ಅಂತ ನಾಚಿಕೆ ಬಿಟ್ಟು ಕೇಳುತ್ತೇವೆ.